ಸಂಶೋಧನಾ ತಂಡದಲ್ಲಿ ನೀವೊಬ್ಬರೇ ಪೋಷಕರಾ? ಜೊತೆಗೆ ಇನ್ನೊಬ್ಬರನ್ನು ಕೇಳಿ

ನಿಮ್ಮ ಮಗನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸ್ಥಿತಿ) ಇದೆ, ಪೋಷಕರ ಅನುಭವ ಹೇಳಲೆಂದು ಒಂದು ಸಂಶೋಧನಾ ತಂಡ ನಿಮ್ಮನ್ನು ಸದಸ್ಯೆಯಾಗಿ ಸೇರಿಸಿಕೊಂಡಿದೆ, ಆದರೆ ಡಾಕ್ಟರುಗಳ ನಡುವೆ ಬಾಯಿ ಬಿಡಲು ಆಗುತ್ತಿಲ್ಲ, ಬಿಟ್ಟುಬಿಡಲಾ ಎಂದು ಕೇಳಿದ್ದೀರಿ. ನನ್ನ ಮಗಳಿಗೂ ಅದೇ ಇದೆ. ಅಂಥದ್ದೇ ತಂಡದಲ್ಲಿ ನಾನೂ ಇದ್ದೇನೆ. ದಯವಿಟ್ಟು ಬಿಡಬೇಡಿ. ಆದರೆ ಒಬ್ಬರೇ ಮುಂದುವರಿಯಲೂ ಬೇಡಿ. ಇನ್ನೊಬ್ಬ ತಾಯಿಯೋ ತಂದೆಯೋ ತಂಡದಲ್ಲಿ ಬೇಕು ಎಂದು ಈಗಲೇ ಕೇಳಿ.

ಯಾಕೆ ಅಂದರೆ, ಮೀಟಿಂಗ್‌ನಲ್ಲಿ ಉಳಿದವರು ಮಾತಾಡುವುದು ಅವರ ಕೆಲಸದ ಬಗ್ಗೆ. ನಾವು ಕೇಳಿಸಿಕೊಳ್ಳುವುದು ನಮ್ಮ ಮನೆಯ ಬಗ್ಗೆ. ಜಿಎಂಎಫ್‌ಸಿಎಸ್ ನಿಮಗೆ ಗೊತ್ತೇ ಇರುತ್ತದೆ, ಮಕ್ಕಳ ಚಲನೆಯನ್ನು 5 ಹಂತ ಮಾಡುತ್ತಾರಲ್ಲ, ಅದು. ಪ್ರತಿ ಹಂತದ ಮಕ್ಕಳ ಚಲನೆಯ ಬೆಳವಣಿಗೆ ಯಾವ ವಯಸ್ಸಿನ ಹೊತ್ತಿಗೆ ನಿಧಾನವಾಗುತ್ತದೆ ಎಂಬ ಗ್ರಾಫ್ ಒಮ್ಮೆ ಪರದೆ ಮೇಲೆ ಬಂತು. ನಾನು ಮಗಳ ಹಂತದ ಗೆರೆ ಹುಡುಕಿದೆ. ಆಮೇಲೆ ಯಾರು ಏನು ಹೇಳಿದರೋ ಕಿವಿಗೆ ಬೀಳಲಿಲ್ಲ. ಸಂಜೆ ತಂಡದ ಇನ್ನೊಬ್ಬ ತಾಯಿ ಫೋನ್ ಮಾಡಿ, "ಆ ಗ್ರಾಫ್ ನೋಡಿ ನಿಮಗೂ ಸಂಕಟ ಆಯ್ತಾ?" ಎಂದರು. ನಾನು ಏನನ್ನೂ ವಿವರಿಸಬೇಕಾಗಲಿಲ್ಲ. ಇಬ್ಬರೂ ಸೇರಿ ತಂಡಕ್ಕೆ ಹೇಳಿದೆವು. ಈಗ ಸ್ಲೈಡ್‌ಗಳು ಮೊದಲೇ ನಮ್ಮ ಕೈಗೆ ಬರುತ್ತವೆ. ಒಬ್ಬಳೇ ಆಗಿದ್ದರೆ ಅದನ್ನು ಕೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಇದೇನು ಹೊಸ ವಿಚಾರ ಅಲ್ಲ. ಅನುಭವ ಇರುವ ಪೋಷಕರನ್ನು ಹೊಸಬರಿಗೆ ಜೊತೆ ಮಾಡುವ ಪದ್ಧತಿ ಅಮೆರಿಕದ ಒಮಾಹಾದಲ್ಲಿ 1971ರಲ್ಲೇ ಶುರುವಾಗಿತ್ತು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಮಕ್ಕಳ ಅಂಗವೈಕಲ್ಯದ ಬಗ್ಗೆ ಸಂಶೋಧನೆ ಮಾಡುವ ಪೆನ್‌ಕ್ರೂ ತಂಡದಲ್ಲಿ 'ಫ್ಯಾಮಿಲಿ ಫ್ಯಾಕಲ್ಟಿ' ಎಂಬ ಪೋಷಕರ ಗುಂಪೇ ಇದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಕ್ಯಾನ್‌ಚೈಲ್ಡ್ ಎಂಬ ಅಂಥದ್ದೇ ಸಂಶೋಧನಾ ಕೇಂದ್ರದಲ್ಲೂ ಪೋಷಕರು ಸಂಶೋಧಕರ ಜೊತೆ ಕೂತು ಕೆಲಸ ಮಾಡುತ್ತಾರೆ. ಹಾಗಾಗಿ ಇದನ್ನು ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ.

ಪದಗಳ ಅರ್ಥವನ್ನು ಸಂಶೋಧಕರೇ ಹೇಳಿಕೊಡುತ್ತಾರೆ, ಅದು ದೊಡ್ಡ ವಿಷಯವಲ್ಲ. ಆದರೆ ಮನೆಯ ವಿಷಯ ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಇನ್ನೊಬ್ಬ ಪೋಷಕರಿಂದಲೇ ಕಲಿಯಬೇಕು. ನಾವು ಹೇಳುವುದು ಮಗುವಿನ ಕಥೆ. ನಾಳೆ ಅವನು ದೊಡ್ಡವನಾಗಿ ಅದನ್ನು ಓದಬಹುದು. ಮಾತಲ್ಲೋ ಸನ್ನೆಯಲ್ಲೋ ಅವನು ಹೇಳಬಲ್ಲನಾದರೆ, ಮೊದಲು ಅವನನ್ನೇ ಕೇಳಿ.

ಒಂದು ಎಚ್ಚರಿಕೆ ಇದೆ, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ನಿಮ್ಮ ಮಗು ಯಾವುದಾದರೂ ಚಿಕಿತ್ಸೆಯ ಪರೀಕ್ಷೆಯಲ್ಲೂ ಇದ್ದರೆ, ಅದೇ ಪರೀಕ್ಷೆಯಲ್ಲಿರುವ ಬೇರೆ ಪೋಷಕರ ಜೊತೆ "ನಿಮಗೆ ಹೊಸ ಔಷಧಿ ಸಿಕ್ಕಿದೆಯಾ, ಹಳೆಯದಾ" ಎಂದು ತಾಳೆ ಹಾಕಬೇಡಿ. ಯಾರಿಗೆ ಯಾವ ಔಷಧಿ ಎಂಬುದನ್ನು ಗುಟ್ಟಾಗಿಟ್ಟ ಪರೀಕ್ಷೆಯಲ್ಲಿ ಅದು ಗೊತ್ತಾದರೆ ಫಲಿತಾಂಶದ ಮೇಲಿನ ನಂಬಿಕೆಯೇ ಕಡಿಮೆಯಾಗಬಹುದು. ಇನ್ನೂ ಪ್ರಕಟವಾಗದ ಅಂಕಿಅಂಶಗಳೂ ತಂಡದೊಳಗೇ ಇರಲಿ. ನಿಮ್ಮ ಬೇಸರ, ಭಯ, ದಣಿವು ನಿಮ್ಮದು. ಅದನ್ನು ಹಂಚಿಕೊಳ್ಳಲು ಯಾರ ಅನುಮತಿಯೂ ಬೇಡ.

ಹಣದ ಮಾತನ್ನೂ ಆಡಿಬಿಡಿ. ಇನ್ನೊಬ್ಬರಿಗೆ ಧೈರ್ಯ ತುಂಬುವುದು ತಾಯಂದಿರು ಸುಮ್ನೆ ಮಾಡುವ ಸೇವೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅದು ಕೆಲಸ. ಮೀಟಿಂಗ್‌ಗೆ ಗೌರವಧನ ಕೊಟ್ಟರೆ, ಈ ಫೋನ್ ಮಾತುಕತೆಗೂ ಯೋಜನೆಯ ಬಜೆಟ್‌ನಲ್ಲಿ ಜಾಗ ಇರಬೇಕು, ಅಲ್ವಾ?

ಮುಂದಿನ ಮೀಟಿಂಗ್‌ಗೆ ಮೊದಲೇ ತಂಡದ ಮುಖ್ಯಸ್ಥರಿಗೆ ನಾಲ್ಕು ಸಾಲಿನ ಮೇಲ್ ಬರೆಯಿರಿ. ಎರಡನೇ ಪೋಷಕರು ಬೇಕು, ಸ್ಲೈಡ್‌ಗಳು ಮುಂಚೆ ಬೇಕು ಎಂದಷ್ಟೇ ಸಾಕು. ಆಗುವುದಿಲ್ಲ ಎಂದರೆ, ಹಿಂದೆ ಅವರ ಜೊತೆ ಕೆಲಸ ಮಾಡಿದ ಪೋಷಕರೊಬ್ಬರನ್ನು ಪರಿಚಯ ಮಾಡಿಸಲು ಹೇಳಿ. ಮಗನಿಗೆ ಆಪರೇಷನ್, ಜ್ವರ ಎಂದು ನೀವು ಕೆಲವು ತಿಂಗಳು ಬರಲಾಗದ ಸಮಯವೂ ಬರುತ್ತದೆ. ಇಬ್ಬರಿದ್ದರೆ ಆಗಲೂ ಪೋಷಕರ ಕುರ್ಚಿ ಖಾಲಿ ಇರುವುದಿಲ್ಲ ಎಂದು ಅದೇ ಮೇಲ್‌ನಲ್ಲಿ ಬರೆಯಿರಿ.