ಹಳೆಯ ಹಾಳೆಯ ಮೇಲಿನ ‘ಬಳ್ಳಾರಿ ಜಿಲ್ಲೆ’ ಯಾವುದು?

ಪ್ರಶ್ನೆ: ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಸೆರೊಪೀಜಿಯಾ ಕುಲದ ಅಪರೂಪದ ಬಳ್ಳಿಯೊಂದರ ಹರ್ಬೇರಿಯಂ (ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಸಂಗ್ರಹ) ದಾಖಲೆಗಳನ್ನು ಹುಡುಕಿದಾಗ, ‘ಬಳ್ಳಾರಿ ಜಿಲ್ಲೆ’ ಎಂದಷ್ಟೇ ಬರೆದಿರುವ ನಾಲ್ಕು ಹಳೆಯ ಹಾಳೆಗಳು ಸಿಕ್ಕವು. ನಕ್ಷೆಯಲ್ಲಿ ನಾಲ್ಕರ ಗುರುತೂ ಬಳ್ಳಾರಿ ನಗರದ ನಡುವೆಯೇ ಬಿದ್ದಿದೆ. ಈ ಬಳ್ಳಿ ಇಲ್ಲಿ ನಾಲ್ಕು ಕಡೆ ಇತ್ತೆಂದು ತಿಳಿಯಬಹುದೇ? ಮಳೆಗಾಲದಲ್ಲಿ ಇದನ್ನು ಸಂಡೂರಿನ ಗುಡ್ಡಗಳಲ್ಲಿ ಹುಡುಕುವ ಆಸೆಯಿದೆ.
– ವಿದ್ಯಾರ್ಥಿನಿ, ಸಂಡೂರು

ಉತ್ತರ: ನಾಲ್ಕು ಹಾಳೆ ಎಂದರೆ ನಾಲ್ಕು ಜಾಗ ಎಂದಾಗಲೇಬೇಕಿಲ್ಲ. ಒಂದೇ ದಿನ ಒಂದೇ ಕಡೆ ಕೊಯ್ದ ಮಾದರಿಯನ್ನು ಹಲವು ಹಾಳೆಗಳಿಗೆ ಅಂಟಿಸಿ ಬೇರೆ ಬೇರೆ ಹರ್ಬೇರಿಯಂಗಳಿಗೆ ಹಂಚುವುದು ಬಹು ಹಿಂದಿನಿಂದ ನಡೆದುಬಂದ ಪದ್ಧತಿಯಾದ್ದರಿಂದ, ಹೌರಾ, ಕೊಯಮತ್ತೂರು ಮತ್ತು ಲಂಡನ್ನಿನ ಕ್ಯೂ ಉದ್ಯಾನದಲ್ಲಿರುವ ಹಾಳೆಗಳು ಒಂದೇ ಸಂಗ್ರಹದ ಪ್ರತಿಗಳಾಗಿರಲೂಬಹುದು. ಸಂಗ್ರಾಹಕರ ಹೆಸರು, ಸಂಗ್ರಹ ಸಂಖ್ಯೆ, ದಿನಾಂಕ ಈ ಮೂರೂ ಹೊಂದಿಕೆಯಾದರೆ ಅದನ್ನು ಒಂದೇ ದಾಖಲೆಯೆಂದು ಎಣಿಸಿ.

ಅದಕ್ಕಿಂತ ದೊಡ್ಡ ತೊಡಕು ಜಿಲ್ಲೆಯ ಹೆಸರಿನಲ್ಲಿದೆ. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ಅದಕ್ಕೂ ಹಿಂದಿನ ಹಾಳೆಯಾಗಿದ್ದರೆ ಬಳ್ಳಿ ಬೆಳೆದಿದ್ದ ಜಾಗ ಇಂದಿನ ಆಂಧ್ರಪ್ರದೇಶದ ಒಳಗೆ ಬಹುದೂರದಲ್ಲಿರಬಹುದು. ನಂತರದ್ದಾದರೂ ಅನುಮಾನ ತಪ್ಪದು, ಏಕೆಂದರೆ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಇನ್ನು ನಿಮ್ಮ ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಹೀಗಾಗಿ ಅಲ್ಲಿನ ರಾಮನದುರ್ಗ ಬೆಟ್ಟದ ಮೇಲೆ ಕೊಯ್ದ ಗಿಡದ ಚೀಟಿಯಲ್ಲಿ ಬಳ್ಳಾರಿಯ ಹೆಸರೇ ಇಲ್ಲದಿರಬಹುದು. ಕೊಪ್ಪಳ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಅಲ್ಲಿಯ ಹಳೆಯ ಮಾದರಿಗಳನ್ನು ಆ ಹೆಸರಿನಡಿಯೂ ನೋಡಬೇಕು. ಆದ್ದರಿಂದ ಯಾವ ಚೀಟಿಯನ್ನೇ ಆಗಲಿ ಅದು ಬರೆದ ವರ್ಷದ ನಕ್ಷೆಯ ಜೊತೆಗಿಟ್ಟು ಓದಿ.

ನಗರದ ನಡುವೆ ಬಿದ್ದಿರುವ ಗುರುತನ್ನು ನಂಬಬೇಡಿ. ಅಂದಿನ ಸಂಗ್ರಾಹಕರು ಅಕ್ಷಾಂಶ, ರೇಖಾಂಶ ಬರೆದದ್ದು ಅಪರೂಪ; ಹಾಳೆಯನ್ನು ಕಂಪ್ಯೂಟರಿಗೆ ಏರಿಸುವಾಗ, ಜಿಲ್ಲೆಯ ಹೆಸರಷ್ಟೇ ಇದ್ದರೆ ಅದರ ಮಧ್ಯಬಿಂದುವನ್ನೋ ಕೇಂದ್ರ ಪಟ್ಟಣವನ್ನೋ ತುಂಬುವುದುಂಟು. ನಿಜವಾದ ಸುಳಿವು ಹಾಳೆಯ ಚಿತ್ರದಲ್ಲೇ ಇರುತ್ತದೆ. ಸಾಮಾನ್ಯವಾಗಿ ಕೆಳಗಿನ ಬಲಮೂಲೆಯಲ್ಲಿರುವ ಚೀಟಿಯಲ್ಲಿ ‘ಕಲ್ಲುಗುಡ್ಡ’, ‘ಪೊದೆಗಳ ನಡುವೆ’ ಎಂಬಂಥ ಮಾತೋ ಎತ್ತರದ ಅಂಕಿಯೋ ಇದ್ದರೆ, ಅದು ನಕ್ಷೆಯ ಚುಕ್ಕೆಗಿಂತ ಬೆಲೆಯುಳ್ಳದ್ದು. ಆಚೀಚೆ ಅಂಟಿಸಿದ ಸಣ್ಣ ಚೀಟಿಗಳನ್ನೂ ಬಿಡಬೇಡಿ. ನಂತರದ ತಜ್ಞರು ಗಿಡದ ಹೆಸರನ್ನು ತಿದ್ದಿ, ತಮ್ಮ ಹೆಸರನ್ನೂ ವರ್ಷವನ್ನೂ ಅವುಗಳಲ್ಲಿ ಬರೆದಿರುತ್ತಾರೆ. ಸೆರೊಪೀಜಿಯಾದಲ್ಲಂತೂ ಹೂವು ನೋಡದೆ ಪ್ರಭೇದ ಹೇಳುವುದು ಕಷ್ಟ, ಮತ್ತು ಅದರ ಉಬ್ಬಿದ ಬುಡ, ಕೊಳವೆ, ತುದಿಯಲ್ಲಿ ಕೂಡಿಕೊಂಡ ದಳಗಳು ಒತ್ತಿ ಒಣಗಿಸಿದಾಗ ಚಪ್ಪಟೆಯಾಗಿ ಗುರುತೇ ಕೆಡುತ್ತದೆ. ಆದ್ದರಿಂದ ತಿದ್ದುಪಡಿ ಇದ್ದರೆ ಆಶ್ಚರ್ಯಪಡಬೇಕಿಲ್ಲ.

ಸಂಡೂರಿನಲ್ಲಿ ಹುಡುಕುವ ನಿಮ್ಮ ಯೋಚನೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ದಾಖಲೆ ಇಲ್ಲವೆಂದರೆ ಗಿಡವಿಲ್ಲವೆಂದಲ್ಲ. ಮಳೆಗಾಲ ಕಳೆದ ಮೇಲೆ ಬಂದ ಸಂಗ್ರಾಹಕರಿಗೆ ನೆಲದೊಳಗೆ ಗಡ್ಡೆಯಾಗಿ ಮಲಗಿದ ಬಳ್ಳಿ ಕಾಣುವುದಾದರೂ ಹೇಗೆ? ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಬಳ್ಳಿ ಕಂಡರೆ ಗಡ್ಡೆ ಅಗೆಯಬೇಡಿ. ಹೂವನ್ನು ಪಕ್ಕದಿಂದಲೂ ಮೇಲಿನಿಂದಲೂ, ಎಲೆಯನ್ನು ಎರಡೂ ಬದಿಯಿಂದ, ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಿರಿ. ಜಾಗದ ಜಿಪಿಎಸ್ ಅಂಕಿಗಳನ್ನು ನಿಮ್ಮ ಮಾರ್ಗದರ್ಶಕರಿಗೂ ಹರ್ಬೇರಿಯಂನವರಿಗೂ ಕೊಡಿ. ಚಿತ್ರವನ್ನು ಇತರರಿಗೆ ಕಳುಹಿಸುವ ಮೊದಲು ಆ ಅಂಕಿಗಳನ್ನು ಅಳಿಸಿಬಿಡಿ.