ಡೋಸ್ ಹೆಚ್ಚಿಸುವ ಮೊದಲು ಜೊತೆಗಿರುವ ಗುಳಿಗೆ ನೋಡಿ

ಆಳಂದ ತಾಲೂಕಿನ ಓದುಗರೊಬ್ಬರ ಪತ್ರ: "ಕಲಬುರಗಿಯ ದಾಲ್ ಮಿಲ್ಲಿನಲ್ಲಿ ಕೆಲಸ. ನಾಲ್ಕು ತಿಂಗಳಿಂದ ತೊಡೆ ಸಂದಿಯಲ್ಲಿ, ಸೊಂಟದ ಸುತ್ತ ಗಜಕರ್ಣ. ಮೆಡಿಕಲ್‌ನವರು ಇಟ್ರಾಕೊನಜೋಲ್ 200ರ ಕ್ಯಾಪ್ಸೂಲು, ಒಂದು ಗ್ಯಾಸಿನ ಕ್ಯಾಪ್ಸೂಲು, ಹಚ್ಚಲಿಕ್ಕೆ ಒಂದು ಟ್ಯೂಬು ಕೊಟ್ಟರು. ಎರಡೂ ಕ್ಯಾಪ್ಸೂಲು ಕೂಡಿಸಿ ಮುಂಜಾನೆ ಚಹಾದ ಮೇಲೆ ತಗೊಂಡೆ. 12 ದಿನಕ್ಕೆ ಕಡಿತ ನಿಂತಿತು, ಬಿಟ್ಟೆ. ಎರಡೇ ವಾರದಲ್ಲಿ ಮತ್ತೆ ಬಂತು. ಈಗ 400 ತಗೊಳ್ರಿ ಅನ್ನುತ್ತಾರೆ. ತಗೊಳ್ಳಲೇ? ನಮ್ಮ ತಂದೆಯವರಿಗೂ ಹತ್ತಿದೆ, ನನ್ನ ಸ್ಟ್ರಿಪ್‌ನಿಂದಲೇ ಕೊಡುತ್ತಿದ್ದೇನೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು, ಈಗ ಕಾಲು ಬಾತಿವೆ. ಆರು ವರ್ಷದ ಮಗಳ ತಲೆಯಲ್ಲೂ ಒಂದು ಕಡೆ ಕೂದಲು ಉದುರಿದೆ."

ಮೊದಲು ನಿಮ್ಮ ತಂದೆಯವರ ಮಾತು, ಏಕೆಂದರೆ ಅದು ನಾಳೆಗೆ ಕಾಯುವಂಥದ್ದಲ್ಲ. ಅವರಿಗೆ ಇಟ್ರಾಕೊನಜೋಲ್ ಇವತ್ತೇ ನಿಲ್ಲಿಸಿ, ಇವತ್ತೇ ವೈದ್ಯರಿಗೆ ತೋರಿಸಿ. ಗಜಕರ್ಣ ತರುವ ಫಂಗಸ್ಸನ್ನು ಹತ್ತಿಕ್ಕುವ ಈ ಔಷಧ ಹೃದಯದ ಪಂಪ್ ಮಾಡುವ ಬಲವನ್ನೇ ತಗ್ಗಿಸಬಲ್ಲದು. ಹೃದಯ ಮೊದಲೇ ಸೋತಿದ್ದವರಲ್ಲಿ ಇದರಿಂದ ಕಾಲು ಬಾಯುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ಎರಡು-ಮೂರು ದಿನದಲ್ಲಿ ತೂಕ ಏರುತ್ತದೆ. ಅವರ ಕಾಲಿನ ಬಾವಿಗೆ ಬೇರೆ ಕಾರಣವೂ ಇರಬಹುದು, ಆದರೆ ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ. ರಾತ್ರಿ ಎದ್ದು ಕೂತು ಉಸಿರಾಡುವ ಸ್ಥಿತಿ ಬಂದರೆ ಬೆಳಗಿನವರೆಗೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಅವರ ಉಳಿದ ಗುಳಿಗೆಗಳನ್ನು ನಿಲ್ಲಿಸಬೇಡಿ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಇಟ್ರಾಕೊನಜೋಲ್ ಯಕೃತ್ತಿನಲ್ಲಿ ಬೇರೆ ಔಷಧಗಳನ್ನು ಕರಗಿಸುವ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಆಗ ನುಂಗಿದ್ದು ಒಂದೇ ಗುಳಿಗೆಯಾದರೂ ರಕ್ತದಲ್ಲಿ ಹಲವು ಗುಳಿಗೆಯಷ್ಟು ಔಷಧ ನಿಲ್ಲುತ್ತದೆ. ಕೊಲೆಸ್ಟರಾಲಿನ ಸಿಮ್ವಾಸ್ಟಾಟಿನ್ ಇದರ ಜೊತೆ ಕೂಡದೇ ಕೂಡದು, ಸ್ನಾಯುಗಳೇ ಒಡೆದು ಮೂತ್ರಪಿಂಡ ಕೆಡುತ್ತದೆ. ಅಟೋರ್ವಾಸ್ಟಾಟಿನ್ ಇದ್ದರೆ ಪ್ರಮಾಣ ತಗ್ಗಿಸಬೇಕಾಗುತ್ತದೆ. ಸ್ಟೆಂಟ್ ಹಾಕಿದವರಿಗೆ ಕೊಡುವ ಟಿಕಾಗ್ರೆಲಾರ್ ಕೂಡ ಇದರ ಜೊತೆ ಸಲ್ಲದು. ಬಿಪಿಯ ಆಮ್ಲೋಡಿಪಿನ್ ಜೊತೆ ಸೇರಿದರೆ ಕಾಲಿನ ಬಾವು ಹೆಚ್ಚುತ್ತದೆ. "ಹಾಗಾದರೆ ಫ್ಲುಕೊನಜೋಲ್ ಕೊಡೋಣ" ಎಂದು ಫಂಗಸ್ಸಿನ ಇನ್ನೊಂದು ಗುಳಿಗೆಯ ಹೆಸರನ್ನು ಯಾರಾದರೂ ಅಂದರೆ, ಅವರ ಸಕ್ಕರೆ ಗುಳಿಗೆ ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಾಜೈಡ್ ಆಗಿದೆಯೇ ನೋಡಿ. ಎರಡೂ ಕೂಡಿದರೆ ಸಕ್ಕರೆ ಏಕಾಏಕಿ ಇಳಿಯುತ್ತದೆ: ಬೆವರು, ಕೈನಡುಕ, ಕಣ್ಣುಕತ್ತಲೆ. ಗಜಕರ್ಣ ಸಣ್ಣ ಜಾಗದಲ್ಲಿದ್ದರೆ ಇಂಥವರಿಗೆ ಹಚ್ಚುವ ಔಷಧವೇ ಸಾಕಾಗಬಹುದು.

ಇನ್ನು ನಿಮ್ಮದು. 400ಕ್ಕೆ ಹೋಗಬೇಡಿ. ನೀವು 200 ನುಂಗಿದ್ದೀರಿ ನಿಜ, ಆದರೆ ಅದರಲ್ಲಿ ರಕ್ತಕ್ಕೆ ಸೇರಿದ್ದು ಎಷ್ಟು?

ಒಂದು ಕ್ಯಾಪ್ಸೂಲು ಬಿಚ್ಚಿ ತಟ್ಟೆಗೆ ಸುರಿದು ನೋಡಿ. ಸಾಸಿವೆಗಿಂತ ಸಣ್ಣ ಗುಂಡುಗಳು ಉರುಳುತ್ತವೆ. ಪ್ರತಿ ಗುಂಡಿನ ನಡುವೆ ಇರುವುದು ಸಕ್ಕರೆ, ಔಷಧ ಅದರ ಮೇಲೆ ತೆಳುವಾಗಿ ಲೇಪವಾಗಿದೆ. ಆ ಲೇಪ ನೀರಿನಲ್ಲಿ ಕರಗುವುದಿಲ್ಲ, ಅದಕ್ಕೆ ಹೊಟ್ಟೆಯ ಹುಳಿ ಬೇಕು. ಹುಳಿ ಚೆನ್ನಾಗಿ ಊರಿ, ಔಷಧ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದರೆ ಹೊಟ್ಟೆ ತುಂಬ ಊಟ ಬೇಕು. ನೀವು ಮಾಡಿದ್ದು ಅದಕ್ಕೆ ಪೂರ್ತಿ ತಿರುಗಾಮುರುಗಾ: ಖಾಲಿ ಹೊಟ್ಟೆ, ಮೇಲೆ ಹುಳಿಯನ್ನೇ ಆರಿಸುವ ಗ್ಯಾಸಿನ ಕ್ಯಾಪ್ಸೂಲು. ಚಹಾ-ಖಾರಿ ಊಟವಲ್ಲ, ಒಂದು ಮುಷ್ಟಿ ಸುಸಲಾ ಕೂಡ ಅಲ್ಲ. ರೊಟ್ಟಿ, ಪಲ್ಯ, ಎಣ್ಣೆ ಹಾಕಿದ ಶೇಂಗಾ ಹಿಂಡಿ, ಬೇಳೆ ಇರುವ ಊಟ ಮುಗಿದ ಕೂಡಲೇ, ಕೈ ತೊಳೆದು ಬಂದವರೇ ನುಂಗಿ. ಬಿಚ್ಚಿದ್ದು ನೋಡಲಿಕ್ಕೆ ಮಾತ್ರ. ನುಂಗುವ ಕ್ಯಾಪ್ಸೂಲನ್ನು ಬಿಚ್ಚಬಾರದು, ಅಗಿಯಬಾರದು.

ಗ್ಯಾಸಿನ ಔಷಧಗಳಲ್ಲೂ ಭೇದವಿದೆ. ಬಾಟಲಿಯ ಆಂಟಾಸಿಡ್ ಆದರೆ ಎರಡು ತಾಸು ಅಂತರವಿಟ್ಟರೆ ನಡೆಯುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹಾಗಲ್ಲ. ಮುಂಜಾನೆ ತಗೊಂಡದ್ದು ರಾತ್ರಿಯವರೆಗೂ ಹುಳಿಯನ್ನು ತಡೆದಿರುತ್ತದೆ, ಹೊತ್ತು ಬದಲಿಸಿ ಪ್ರಯೋಜನವಿಲ್ಲ. ನಿಮ್ಮ ಗ್ಯಾಸಿನ ಸ್ಟ್ರಿಪ್‌ನ ಹಿಂಬದಿ ಓದಿ. ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಎಂದೂ ಇದ್ದರೆ ಅದು ಇನ್ನೂ ಗಂಭೀರ. ಡೊಂಪೆರಿಡೋನ್ ಇಟ್ರಾಕೊನಜೋಲ್ ಜೊತೆ ಸೇರಿದರೆ ಎದೆಬಡಿತದ ಲಯ ತಪ್ಪುವ ಅಪಾಯವಿದೆ. ಈ ಎರಡನ್ನು ಒಂದೇ ಕವರಿನಲ್ಲಿ ಕಟ್ಟಿಕೊಡುವುದು ತಪ್ಪು, ಇದನ್ನು ನಾವು ಜೋರಾಗಿಯೇ ಹೇಳುತ್ತೇವೆ. ಗ್ಯಾಸಿನ ಗುಳಿಗೆ ಬಿಡಲಾಗದವರು ವೈದ್ಯರಿಗೆ ಹೇಳಿದರೆ ಬೇರೆ ದಾರಿಯಿದೆ. ಹುಳಿಯ ಹಂಗು ಕಡಿಮೆಯಿರುವ 'ಸೂಪರ್ ಬಯೋಅವೈಲಬಲ್' ಇಟ್ರಾಕೊನಜೋಲ್ ಅದರಲ್ಲೊಂದು. ಅದರಲ್ಲಿ 65 ಮಿಲಿಗ್ರಾಂ ಎಂದರೆ ಹಳೆಯ 100ಕ್ಕೆ ಸಮ. ಅಂಕಿ ಸಣ್ಣದಿದೆ ಎಂದು ಎರಡೆರಡು ನುಂಗಬೇಡಿ.

ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್ ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡ್. ಅದು ಕಡಿತವನ್ನು ಎರಡೇ ದಿನದಲ್ಲಿ ಅಡಗಿಸುತ್ತದೆ, ಫಂಗಸ್ಸಿಗೆ ಮಾತ್ರ ಮೇವು ಹಾಕುತ್ತದೆ. ಉಂಗುರದ ಅಂಚು ಮಾಸಿ ರೋಗದ ಗುರುತೇ ಸಿಗದಂತಾಗುತ್ತದೆ, ತೊಡೆಯ ಚರ್ಮ ತೆಳುವಾಗಿ ಬಿರುಕುಗೆರೆ ಬೀಳುತ್ತವೆ, ಆ ಗೆರೆಗಳು ಹೋಗುವುದಿಲ್ಲ. ಬಿಟ್ಟ ಮೇಲೆ ಕೆಲವು ದಿನ ಉರಿ, ಕೆಂಪು ಹೆಚ್ಚುತ್ತದೆ. ಅದನ್ನು ಗುಳಿಗೆಯ ಸೋಲೆಂದು ತಿಳಿಯಬೇಡಿ.

12 ದಿನಕ್ಕೆ ಬಿಟ್ಟದ್ದು ಇನ್ನೊಂದು ಕಾರಣ. ಕಡಿತ ಮೊದಲು ನಿಲ್ಲುತ್ತದೆ, ಫಂಗಸ್ ಆಮೇಲೆ ಸಾಯುತ್ತದೆ. ಚರ್ಮದ ಮೇಲ್ಪದರ ಪೂರ್ತಿ ಕಳಚಿ ಹೊಸದು ಬರಲು ಸುಮಾರು ನಾಲ್ಕು ವಾರ ಬೇಕು. ಹಳೆಯ ಗಜಕರ್ಣಕ್ಕೆ ವೈದ್ಯರು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕೊಡುವುದು ಇದಕ್ಕೇ. ವಾಸಿಯಾಯಿತೋ ಇಲ್ಲವೋ ಬೆರಳಿಗೇ ತಿಳಿಯುತ್ತದೆ. ಅಂಚು ಉಬ್ಬಿ, ಹೊಟ್ಟಿನಂತೆ ಪುಡಿ ಉದುರಿದರೆ ಇನ್ನೂ ಜೀವಂತವಿದೆ. ಸಮತಟ್ಟಾದ ಕಪ್ಪು ಕಲೆ ಮಾತ್ರ ಉಳಿದಿದ್ದರೆ ಅದು ಕಲೆ, ತಿಂಗಳುಗಟ್ಟಲೆ ಇರುತ್ತದೆ, ಅದಕ್ಕೆ ಗುಳಿಗೆ ಬೇಡ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

"ಫಂಗಸ್ಸಿನ ಇನ್ನೊಂದು ಗುಳಿಗೆ ಟರ್ಬಿನಾಫಿನ್‌ಗೆ ಬದಲಾಯಿಸಿದರೆ?" ಎಂದು ಕೇಳುವವರು ಬಹಳ. ಅದು ಊಟ, ಹುಳಿ ಯಾವುದನ್ನೂ ಕಾಯುವುದಿಲ್ಲ, ನಿಜ. ಆದರೆ ನಮ್ಮ ದೇಶದಲ್ಲಿ ಈಗ ಹಬ್ಬಿರುವ, 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರು ಪಡೆದ ಫಂಗಸ್ ಎಷ್ಟೋ ಸಲ ಅದಕ್ಕೆ ಬಗ್ಗುವುದಿಲ್ಲ. ಅದಕ್ಕೇ ನಾಲ್ಕು ತಿಂಗಳ ಕಾಯಿಲೆಗೆ ಊಹೆಯ ಗುಳಿಗೆ ಬಿಟ್ಟು, ಕಲಬುರಗಿಯ ಜಿಮ್ಸ್ ಅಥವಾ ನಿಮಗೆ ಹತ್ತಿರದ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಉಂಗುರದ ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಗಾಜಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಫಂಗಸ್ ಇದ್ದರೆ ಕವಲೊಡೆದ ಎಳೆಗಳು ಕಾಣುತ್ತವೆ. ನೋವಿಲ್ಲ.

ಗುಳಿಗೆ ಮತ್ತೆ ಶುರು ಮಾಡುವ ಮೊದಲು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ. ತಿಂಗಳು ದಾಟಿದರೆ ಮತ್ತೊಮ್ಮೆ. ಊಟ ಸೇರದಿರುವುದು, ವಾಕರಿಕೆ, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು ಕಂಡರೆ ಗುಳಿಗೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಕಾಮಣಿ ಎಂದು ಬೇರಿನ ಔಷಧಿಗೆ ಓಡಿ ದಿನ ಕಳೆಯಬೇಡಿ. ಸೇಂದಿಯಿರಲಿ, ಬಾಟಲಿಯಿರಲಿ, ಕೋರ್ಸ್ ಮುಗಿಯುವವರೆಗೆ ದೂರ. ಟಿಬಿಗೆ ರಿಫಾಂಪಿಸಿನ್ ತಗೊಳ್ಳುವವರಲ್ಲಿ ಇಟ್ರಾಕೊನಜೋಲ್ ರಕ್ತದಲ್ಲಿ ನಿಲ್ಲುವುದೇ ಇಲ್ಲ. ಬಸುರಿಯರಿಗೆ ಈ ಗುಳಿಗೆ ಕೊಡಬಾರದು.

ಸೊಂಟದ ಸುತ್ತ ಎಂದು ಬರೆದಿದ್ದೀರಿ. ಉಡದಾರ ಕಟ್ಟಿದ್ದರೆ ಅದನ್ನು ತೆಗೆಯಿರಿ. ಬೆವರಿನಲ್ಲಿ ನೆನೆದ ಆ ದಾರದಲ್ಲಿ ಫಂಗಸ್ ಕೂತಿರುತ್ತದೆ, ಗುಳಿಗೆ ದಾರಕ್ಕೆ ಮುಟ್ಟುವುದಿಲ್ಲ. ಕಟ್ಟಲೇಬೇಕೆಂದರೆ ವಾಸಿಯಾದ ಮೇಲೆ ಹೊಸದು ಕಟ್ಟಿ. ಮಿಲ್ಲಿನಿಂದ ಬಂದ ಕೂಡಲೇ ಮೈತೊಳೆದು ಒಣಗಿಸಿಕೊಳ್ಳಿ. ಒಳಬಟ್ಟೆ, ಟವೆಲು ಬಿಸಿನೀರಿನಲ್ಲಿ ಬೇರೆಯಾಗಿ ಒಗೆದು, ಒಳಮಗ್ಗಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ನಮ್ಮಲ್ಲಿ ಬಿಸಿಲಿಗೇನೂ ಬರವಿಲ್ಲ.

ಮಗಳದು ತಲೆಯ ಗಜಕರ್ಣವೇ ಆಗಿದ್ದರೆ ಮುಲಾಮಿನಿಂದ ಹೋಗದು, ಫಂಗಸ್ ಕೂದಲಿನ ಬುಡದೊಳಗಿರುತ್ತದೆ. ಅಲ್ಲಿ ಬಾಯಿಂದ ಕೊಡುವ ಔಷಧವೇ ಬೇಕು, ಮಗುವಿನ ತೂಕ ನೋಡಿ, ಹಲವು ವಾರ. ಗ್ರಿಸಿಯೊಫುಲ್ವಿನ್ ಬರೆದುಕೊಟ್ಟರೆ ಗಟ್ಟಿ ಹಾಲು ಅಥವಾ ತುಪ್ಪ ಹಾಕಿದ ಊಟದ ಜೊತೆ ಕೊಡಿ, ಕೊಬ್ಬಿಲ್ಲದೆ ಅದು ಮೈಗೆ ಹತ್ತುವುದಿಲ್ಲ. ನಿಮ್ಮ ಕ್ಯಾಪ್ಸೂಲಿನಲ್ಲಿ ಅರ್ಧ ಮಾಡಿ ಕೊಡಬೇಡಿ. ಅವಳ ಬಾಚಣಿಗೆ, ತಲೆದಿಂಬಿನ ಚೀಲ ಬೇರೆ ಇರಲಿ. ಮನೆಯಲ್ಲಿ ಯಾರಿಗೆಲ್ಲ ಕಡಿತವಿದೆಯೋ ಅವರನ್ನೆಲ್ಲ ಒಂದೇ ದಿನ ಕರೆದೊಯ್ದು ತೋರಿಸಿ, ಖಾಲಿ ಸ್ಟ್ರಿಪ್ ಮತ್ತು ಆ ಟ್ಯೂಬು ಜೊತೆಗಿರಲಿ.