ಸಂಪಾದಕರ ಉತ್ತರ: ಕುಡಿದು ಸತ್ತವನನ್ನು ವೀರ ಅನ್ನಬಹುದೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಇವೊ ಜಿಮಾ ದ್ವೀಪದ ಬೆಟ್ಟದ ಮೇಲೆ ಆರು ಅಮೆರಿಕನ್ ಸೈನಿಕರು ಬಾವುಟ ನಿಲ್ಲಿಸುವ ಚಿತ್ರ ಹಾಕಿದ್ದಿರಿ. ಒಂಬತ್ತನೇ ಕ್ಲಾಸಿನ ನನ್ನ ಮೊಮ್ಮಗ ಅದನ್ನು ನೋಡಿ, ಶಾಲೆಯ ಭಾಷಣಕ್ಕೆ ಅವರಲ್ಲೊಬ್ಬನಾದ ಇರಾ ಹೇಯ್ಸ್‌ನನ್ನು ಆರಿಸಿಕೊಂಡ. ಹುಡುಕುತ್ತಾ ಹೋದರೆ ಆತ ಕುಡುಕನಾಗಿ, ಎಷ್ಟೋ ಸಲ ಪೊಲೀಸರ ಕೈಗೆ ಸಿಕ್ಕಿ, ಕೊನೆಗೆ ಚರಂಡಿಯಲ್ಲಿ ಬಿದ್ದು ಸತ್ತನಂತೆ. ಚಿತ್ರದಲ್ಲಿರುವವರ ಹೆಸರುಗಳಲ್ಲೇ ಗೊಂದಲ ಇತ್ತು ಅಂತಲೂ ಓದಿದೆವು. ಇಂಥವನ ಬಗ್ಗೆ ಮಕ್ಕಳ ಮುಂದೆ ಮಾತಾಡುವುದು ಸರಿಯೇ? ಬೇರೆ ಯಾರನ್ನಾದರೂ ಆರಿಸಿಕೊ ಅಂತ ಹೇಳಿಬಿಡಲೇ?
– ನಿವೃತ್ತ ಮೇಷ್ಟ್ರು, ಹಾಸನ ಜಿಲ್ಲೆ

ಮೇಷ್ಟ್ರೇ, ನಮಸ್ಕಾರ.

ದಯವಿಟ್ಟು ಹಾಗೆ ಹೇಳಬೇಡಿ. ನಿಮ್ಮ ಮೊಮ್ಮಗ ಸರಿಯಾದವನನ್ನೇ ಆರಿಸಿಕೊಂಡಿದ್ದಾನೆ. ಇರಾ ಹೇಯ್ಸ್ ಕುಡಿಯುತ್ತಿದ್ದದ್ದು ನಿಜ. ಪೊಲೀಸರು ಅವನನ್ನು ಸುಮಾರು ಐವತ್ತು ಸಲ ಹಿಡಿದದ್ದೂ ನಿಜ. ಚರಂಡಿಯಲ್ಲಿ ಸತ್ತ ಅನ್ನುವುದು ನಿಜವಲ್ಲ, ಅದು ಅವನ ಮೇಲೆ ಕಟ್ಟಿದ ಹಾಡಿನಿಂದ ಹಬ್ಬಿದ ಮಾತು. ಆದರೆ ನಿಮ್ಮ ಪತ್ರದಲ್ಲಿ ಒಂದು ಸಂಗತಿ ಬಂದಿಲ್ಲ. 1946ರಲ್ಲಿ ಆತ ಒಂದು ಕೆಲಸ ಮಾಡಿದ. ನನ್ನ ಮಟ್ಟಿಗೆ ಅದು ಬೆಟ್ಟದ ಮೇಲೆ ಬಾವುಟ ನಿಲ್ಲಿಸಿದ್ದಕ್ಕಿಂತ ದೊಡ್ಡದು. ಅದನ್ನು ಹೇಳುವ ಮೊದಲು ಆತ ಎಲ್ಲಿಂದ ಬಂದವನು ಅಂತ ಸ್ವಲ್ಪ ಹೇಳಬೇಕು.

ಇರಾ ಹುಟ್ಟಿದ್ದು 1923ರ ಜನವರಿ 12ರಂದು, ಅರಿಜೋನಾ ರಾಜ್ಯದಲ್ಲಿ ಮೂಲನಿವಾಸಿಗಳಿಗೆ ಬಿಟ್ಟ ಹಿಲಾ ನದಿ ಮೀಸಲು ಪ್ರದೇಶದ ಸಾಕಟಾನ್ ಎಂಬಲ್ಲಿ. ಪಿಮಾ ಎಂಬ ಮೂಲನಿವಾಸಿ ಸಮುದಾಯದವನು. ಈ ಪಿಮಾ ಜನ ಮರುಭೂಮಿಯ ನಡುವೆ ನದಿಯಿಂದ ಕಾಲುವೆ ತೆಗೆದು ಬೆಳೆ ಬೆಳೆಯುತ್ತಿದ್ದ ಪಕ್ಕಾ ರೈತರು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ನದಿಯ ಮೇಲ್ಭಾಗದಲ್ಲಿ ನೆಲೆಸಿದ ಬಿಳಿಯರು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ಕೆಳಗಿನ ಕಾಲುವೆಗಳು ಒಣಗಿದವು. ಬೆಳೆ ಹೋಯಿತು, ಹಸಿವು ಬಂತು. ಮೇಲಿನವರು ನೀರು ಕಟ್ಟಿದರೆ ಕೆಳಗಿನವರ ಗತಿ ಏನಾಗುತ್ತೆ ಅಂತ ಕಾವೇರಿ ಸೀಮೆಯ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಅಮೆರಿಕದ ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ, ಇರಾ ಹುಟ್ಟಿದ ಮರುವರ್ಷ. ಅರಿಜೋನಾದಲ್ಲಿ ಅವರಿಗೆ ವೋಟಿನ ಹಕ್ಕು ಸಿಕ್ಕಿದ್ದು 1948ರಲ್ಲಿ. ಅಂದರೆ ಬಾವುಟ ನಿಲ್ಲಿಸಿ, ಯುದ್ಧ ಮುಗಿಸಿ, ಊರಿಗೆ ಬಂದ ಮೇಲೂ ಎರಡು ವರ್ಷಕ್ಕೂ ಹೆಚ್ಚು ಕಾಲ ತನ್ನ ರಾಜ್ಯದಲ್ಲಿ ಆತ ಮತ ಹಾಕುವಂತಿರಲಿಲ್ಲ. 1942ರಲ್ಲಿ ಸರ್ಕಾರ ಇದೇ ಮೀಸಲು ಪ್ರದೇಶದಲ್ಲಿ, ಅಲ್ಲಿನವರು ಬೇಡ ಅಂದರೂ ಕೇಳದೆ, ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಲು ಶಿಬಿರ ಕಟ್ಟಿತು. ಹದಿಮೂರು ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲಿ ಇಟ್ಟಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ 19ರ ಹುಡುಗ ಇರಾ, ಹಡಗಿನಿಂದ ದಡಕ್ಕಿಳಿದು ಕಾದಾಡುವ ಮರೀನ್ ಪಡೆ ಸೇರಿದ.

ಮನೆಯಲ್ಲಿ ಹಿರಿಮಗ, ಮಾತು ಬಹಳ ಕಡಿಮೆ. ಮರೀನ್ ಪಡೆಯಲ್ಲಿ ಪ್ಯಾರಾಶೂಟ್ ತರಬೇತಿ ಪಡೆದ. 1943ರಲ್ಲಿ ಪೆಸಿಫಿಕ್ ಸಾಗರದ ವೆಲ್ಲಾ ಲವೆಲ್ಲಾ, ಬೂಗನ್‌ವಿಲ್ ದ್ವೀಪಗಳಿಗೆ ಹೋದ. ಮುಂದಿನ ವರ್ಷ ಪ್ಯಾರಾಶೂಟ್ ದಳಗಳನ್ನೇ ವಿಸರ್ಜಿಸಿದರು. ಇರಾನನ್ನು ಹೊಸದಾಗಿ ಕಟ್ಟಿದ 5ನೇ ಡಿವಿಜನ್ನಿನ 28ನೇ ಮರೀನ್ ರೆಜಿಮೆಂಟಿಗೆ ಹಾಕಿದರು. 1945ರ ಫೆಬ್ರವರಿ 19ರಂದು ಆ ರೆಜಿಮೆಂಟ್ ಇವೊ ಜಿಮಾದ ಕಪ್ಪು ಮರಳಿನ ಮೇಲೆ ಇಳಿಯಿತು.

ಈಗ ಚಿತ್ರಕ್ಕೆ ಬರೋಣ. ಇಳಿದ ನಾಲ್ಕು ದಿನಕ್ಕೆ, ಫೆಬ್ರವರಿ 23ರಂದು, ಮರೀನರು ಸುರಿಬಾಚಿ ಬೆಟ್ಟ ಹತ್ತಿ ಒಂದು ಬಾವುಟ ನಿಲ್ಲಿಸಿದರು. ಅದು ಚಿಕ್ಕದಾಯಿತು, ದೂರಕ್ಕೆ ಕಾಣುವಂಥದ್ದು ಬೇಕು ಅಂತ ಅದೇ ದಿನ ದೊಡ್ಡದೊಂದನ್ನು ಮೇಲೆ ಕಳಿಸಿದರು. ಎರಡನೆಯದನ್ನು ನಿಲ್ಲಿಸುವಾಗ ಅಸೋಸಿಯೇಟೆಡ್ ಪ್ರೆಸ್‌ನ ಜೋ ರೋಸೆಂತಾಲ್ ತೆಗೆದದ್ದು ಈ ಚಿತ್ರ. ಸಂಚಿಕೆ ನಿಮ್ಮ ಹತ್ತಿರ ಇದ್ದರೆ ಇನ್ನೊಮ್ಮೆ ನೋಡಿ. ತೀರಾ ಎಡಗಡೆ, ಕೊನೆಯಲ್ಲಿರುವವನೇ ಇರಾ. ಎರಡೂ ಕೈ ಮೇಲೆ ಚಾಚಿದ್ದಾನೆ. ಕಂಬ ಆಗಲೇ ಕೈ ಬಿಟ್ಟು ಮೇಲಕ್ಕೆ ಹೋಗಿದೆ, ಬೆರಳಿಗೂ ಕಂಬಕ್ಕೂ ನಡುವೆ ಸ್ವಲ್ಪ ಜಾಗ ಕಾಣುತ್ತೆ. ತೀರಾ ಬಲಗಡೆ, ಕಂಬದ ಬುಡವನ್ನು ನೆಲಕ್ಕೆ ಒತ್ತುತ್ತಾ ಬಗ್ಗಿರುವವನನ್ನೂ ಗಮನಿಸಿ. ಅವನ ಮುಖ ಕಾಣುವುದೇ ಇಲ್ಲ. ಮುಂದಿನದೆಲ್ಲ ನಡೆದದ್ದು ಆ ಕಾಣದ ಮುಖದಿಂದ.

ಬಾವುಟ ಏರಿದ ಮೇಲೆ ಯುದ್ಧ ಮುಗಿಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಇನ್ನೂ ಒಂದು ತಿಂಗಳು ನಡೆಯಿತು. ಅಮೆರಿಕದ ಕಡೆ ಸುಮಾರು 6,800 ಜನ ಸತ್ತರು, ಜಪಾನಿನ ಕಡೆ ದ್ವೀಪದಲ್ಲಿದ್ದ ಇಪ್ಪತ್ತು ಸಾವಿರದಷ್ಟು ಸೈನಿಕರಲ್ಲಿ ಬದುಕಿ ಉಳಿದವರು ಕೆಲವರೇ. ಚಿತ್ರದಲ್ಲಿದ್ದ ಆರು ಜನರಲ್ಲಿ ಮೂವರು ಅಲ್ಲೇ ಪ್ರಾಣ ಬಿಟ್ಟರು. ತನ್ನ ಪ್ಲಟೂನಿನ 45 ಜನರಲ್ಲಿ ಉಳಿದದ್ದು ಐದೇ ಜನ, ನನ್ನನ್ನು ಹೇಗೆ ವೀರ ಅಂತೀರಿ ಎಂದು ಇರಾ ಮುಂದೆ ಕೇಳುತ್ತಿದ್ದ.

ಚಿತ್ರ ಅಮೆರಿಕದ ಪತ್ರಿಕೆಗಳಲ್ಲಿ ಬಂದದ್ದೇ ತಡ, ಸರ್ಕಾರಕ್ಕೆ ಅದರ ಬೆಲೆ ಗೊತ್ತಾಯಿತು. ಯುದ್ಧದ ಖರ್ಚಿಗೆ ಜನರಿಂದ ಸಾಲ ಎತ್ತಬೇಕಿತ್ತು. ಚಿತ್ರದಲ್ಲಿರುವವರನ್ನು ಊರೂರು ಸುತ್ತಿಸಿದರೆ ಬಾಂಡ್ ಮಾರಾಟ ಆಗುತ್ತೆ ಅನ್ನುವ ಲೆಕ್ಕ. ಅವರನ್ನು ವಾಪಸ್ ಕರೆಸಿ ಅಂತ ಅಧ್ಯಕ್ಷ ರೂಸ್‌ವೆಲ್ಟ್ ಹೇಳಿದರು. ಇರಾಗೆ ಇದು ಸುತರಾಂ ಬೇಕಿರಲಿಲ್ಲ. ಹೆಸರುಗಳನ್ನು ಕೊಡಬೇಕಿದ್ದ ಜೊತೆಯ ಮರೀನ್ ರೆನೆ ಗ್ಯಾಗ್ನನ್‌ಗೆ, ನನ್ನ ಹೆಸರು ಬಾಯಿ ಬಿಟ್ಟರೆ ಜೋಕೆ ಅಂತ ಹೆದರಿಸಿದ. ಮೇಲಿನವರು ಒತ್ತಾಯ ಮಾಡಿದಾಗ ಗ್ಯಾಗ್ನನ್ ಹೇಳಲೇಬೇಕಾಯಿತು.

ಏಪ್ರಿಲ್‌ನಲ್ಲಿ ಇರಾ ವಾಷಿಂಗ್ಟನ್‌ಗೆ ಬಂದಾಗ ಪಟ್ಟಿ ನೋಡಿದ. ಕಂಬದ ಬುಡದಲ್ಲಿ ಬಗ್ಗಿರುವವನ ಹೆಸರು ಹ್ಯಾಂಕ್ ಹ್ಯಾನ್ಸನ್ ಅಂತ ಬರೆದಿತ್ತು. ಅದು ತಪ್ಪು, ಅಲ್ಲಿರುವವನು ಟೆಕ್ಸಾಸ್‌ನ ಹಾರ್ಲನ್ ಬ್ಲಾಕ್ ಅಂತ ಅಲ್ಲಿದ್ದ ಅಧಿಕಾರಿಗೆ ಇರಾ ಆಗಲೇ ಹೇಳಿದ. ಹ್ಯಾನ್ಸನ್, ಬ್ಲಾಕ್ ಇಬ್ಬರೂ ಮಾರ್ಚ್ 1ರಂದು, ಒಂದೇ ದಿನ, ಸತ್ತಿದ್ದರು. ಹೆಸರುಗಳನ್ನು ಆಗಲೇ ಪ್ರಕಟಿಸಿ ಆಗಿದೆ, ಇಬ್ಬರೂ ಬದುಕಿಲ್ಲ, ಸುಮ್ನೆ ಇದ್ದುಬಿಡು ಅಂತ ಉತ್ತರ ಬಂತು.

ಸಮವಸ್ತ್ರದಲ್ಲಿದ್ದವನು ಏನು ಮಾಡಬೇಕು, ಮೇಷ್ಟ್ರೇ? ಸುಮ್ಮನಾದ. ಮೇ ತಿಂಗಳಲ್ಲಿ ಇರಾ, ಗ್ಯಾಗ್ನನ್, ಜಾನ್ ಬ್ರಾಡ್ಲಿ ಮೂವರ ಪ್ರವಾಸ ಶುರುವಾಯಿತು. ದೊಡ್ಡ ದೊಡ್ಡ ಊರು, ಮೆರವಣಿಗೆ, ಭೋಜನ, ಭಾಷಣ. ಸತ್ತ ಗೆಳೆಯರ ತಾಯಂದಿರನ್ನು ಎದುರಿಗೆ ಕರೆತಂದು ನಿಲ್ಲಿಸುತ್ತಿದ್ದರು. ಬ್ಲಾಕ್‌ನ ಜಾಗದಲ್ಲಿ ನನ್ನ ಮಗನಿದ್ದ ಅಂತ ನಂಬಿದ ಹ್ಯಾನ್ಸನ್‌ನ ತಾಯಿಯೂ ಅವರಲ್ಲಿದ್ದರು. ನಿಜ ಗೊತ್ತಿದ್ದೂ ಆ ತಾಯಿಯ ಮುಖ ನೋಡಿ ನಿಲ್ಲಬೇಕು. ಹೋದಲ್ಲೆಲ್ಲ ಕೈಗೆ ಗ್ಲಾಸು ಕೊಡುವವರು ಇದ್ದೇ ಇದ್ದರು. ಇರಾ ಕುಡಿಯತೊಡಗಿದ. ಮೇ ಕೊನೆಯಲ್ಲಿ, ಪ್ರವಾಸ ಇನ್ನೂ ನಡೆದಿರುವಾಗಲೇ, ಅವನನ್ನು ದಳಕ್ಕೆ ವಾಪಸ್ ಕಳಿಸಿದರು. ಆ ಸಾಲದ ಅಭಿಯಾನದಲ್ಲಿ 1,400 ಕೋಟಿ ಡಾಲರ್ ಗುರಿ ಇತ್ತು, ಕೂಡಿದ್ದು 2,600 ಕೋಟಿಗೂ ಜಾಸ್ತಿ. ಇರಾ ಹವಾಯಿಗೆ ಹೋಗಿ ದಳ ಸೇರಿಕೊಂಡ, ಸೋತ ಜಪಾನಿನಲ್ಲಿ ಸ್ವಲ್ಪ ಕಾಲ ಕಾವಲಿಗಿದ್ದ, 1945ರ ಡಿಸೆಂಬರ್ 1ಕ್ಕೆ ಕಾರ್ಪೊರಲ್ ಆಗಿ ಬಿಡುಗಡೆಯಾದ.

ಅತ್ತ ಟೆಕ್ಸಾಸ್‌ನ ವೆಸ್ಲಾಕೊ ಎಂಬ ಊರಲ್ಲಿ ಹಾರ್ಲನ್ ಬ್ಲಾಕ್‌ನ ತಾಯಿ ಆ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ ಕೂಡಲೇ ಇವನು ನನ್ನ ಮಗ ಅಂದಿದ್ದರು. ಮುಖವಿಲ್ಲ, ಬೆನ್ನು ಮಾತ್ರ ಕಾಣುತ್ತೆ, ಆಮೇಲೆ ಹೆಸರುಗಳು ಬಂದಾಗ ಅಲ್ಲಿ ಇನ್ನೊಬ್ಬನ ಹೆಸರಿತ್ತು. ಮನೆಯವರು ನಂಬಲಿಲ್ಲ. ಎತ್ತಿ ಆಡಿಸಿ, ತೊಳೆದು, ಬಟ್ಟೆ ಬದಲಿಸಿದ ಮೈ ಅದು, ನನಗೆ ಗೊತ್ತಾಗಲ್ವಾ ಅನ್ನುವುದು ಆಕೆಯ ವಾದ. ಮಗ ಸತ್ತ ಸುದ್ದಿ ಬಂತು. ಯುದ್ಧವೂ ಮುಗಿಯಿತು. ಆಕೆ ಮಾತ್ರ ತನ್ನ ಮಾತು ಬಿಡಲಿಲ್ಲ.

1946ರ ಬೇಸಿಗೆಯ ಹೊತ್ತಿಗೆ ಇರಾ ಊರಿನಿಂದ ಹೊರಟ. ಕೈಯಲ್ಲಿ ಕಾಸಿಲ್ಲ. ಸ್ವಲ್ಪ ದೂರ ನಡೆಯುವುದು, ಸ್ವಲ್ಪ ದೂರ ದಾರಿಯಲ್ಲಿ ಬಂದ ಗಾಡಿಗೆ ಕೈ ಅಡ್ಡ ಹಾಕಿ ಹತ್ತುವುದು. ಹೀಗೆ ಅರಿಜೋನಾ ದಾಟಿ, ನ್ಯೂ ಮೆಕ್ಸಿಕೊ ದಾಟಿ, ಟೆಕ್ಸಾಸ್‌ನ ದಕ್ಷಿಣದ ತುದಿಯವರೆಗೆ ಸುಮಾರು ಎರಡು ಸಾವಿರ ಕಿಲೋಮೀಟರ್. ಬ್ಲಾಕ್‌ನ ಅಪ್ಪ ಹೊಲದಲ್ಲಿದ್ದರು. ಅಲ್ಲಿಗೇ ಹೋದ. ಚಿತ್ರದಲ್ಲಿರುವುದು ನಿಮ್ಮ ಮಗ, ನಾನು ಜೊತೆಗಿದ್ದೆ ಅಂತ ಹೇಳಿದ. ಹೆಚ್ಚು ಹೊತ್ತು ಅಲ್ಲಿ ನಿಲ್ಲಲಿಲ್ಲ, ಬಂದ ದಾರಿ ಹಿಡಿದು ಹೊರಟುಬಿಟ್ಟ.

ಒಂದು ಪತ್ರ ಬರೆದು ಹಾಕಬಹುದಿತ್ತು, ಅಲ್ವಾ? ಆಗ ಅವನು ಸೈನ್ಯದಲ್ಲೂ ಇರಲಿಲ್ಲ, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಪತ್ರಕ್ಕೆ ಮೂರು ಕಾಸು ಸಾಕಾಗಿತ್ತು. ಸತ್ತವನ ತಂದೆಗೆ ಇಂಥ ಮಾತನ್ನು ಎದುರಿಗೆ ನಿಂತೇ ಹೇಳಬೇಕು ಅಂತ ಅವನಿಗೆ ಅನಿಸಿತ್ತು ಅಂತಲೇ ನಾನು ನಂಬುತ್ತೇನೆ. ಆ ಮೇಲೆ ತಾಯಿ ತಮ್ಮ ಸಂಸದರಿಗೆ ಬರೆದರು, ತನಿಖೆ ನಡೆಯಿತು, ಇರಾ ಹೇಳಿಕೆ ಕೊಟ್ಟ. 1947ರ ಜನವರಿಯಲ್ಲಿ ಮರೀನ್ ಪಡೆ ಅಧಿಕೃತವಾಗಿ ಹೆಸರನ್ನು ತಿದ್ದಿತು. ಇಡೀ ದೇಶ ನಂಬಿದ್ದನ್ನು ಒಬ್ಬ ತಾಯಿ ಮತ್ತು ಮಾತು ಬಾರದವನಂತಿದ್ದ ಒಬ್ಬ ಹುಡುಗ ಸೇರಿ ಸರಿ ಮಾಡಿಸಿದರು.

ನಂತರದ ಎಂಟು ವರ್ಷದ ಬಗ್ಗೆ ನೀವು ಓದಿದ್ದೀರಿ. ಹತ್ತಿ ಬಿಡಿಸುವ ಕೂಲಿ, ಸಿಕ್ಕಿದ ಚಿಲ್ಲರೆ ಕೆಲಸ. ಜನ ಕಾರು ನಿಲ್ಲಿಸಿಕೊಂಡು ಹೊಲಕ್ಕೇ ಬಂದು, ಬಾವುಟ ಏರಿಸಿದ ಇಂಡಿಯನ್ (ಮೂಲನಿವಾಸಿಗಳನ್ನು ಅಲ್ಲಿ ಹಾಗೆ ಕರೆಯುತ್ತಿದ್ದರು) ನೀನೇನಾ ಅಂತ ಕೇಳಿ ಫೋಟೋ ತೆಗೆಯುತ್ತಿದ್ದರು. 1949ರಲ್ಲಿ ಆ ಯುದ್ಧದ ಮೇಲಿನ ಸಿನಿಮಾವೊಂದರಲ್ಲಿ ಅವನನ್ನು ಅವನದೇ ಪಾತ್ರದಲ್ಲಿ ನಿಲ್ಲಿಸಿದರು. 1953ರಲ್ಲಿ ಷಿಕಾಗೊಗೆ ಹೋಗಿ ಕಾರ್ಖಾನೆ ಸೇರಿದ, ಅಲ್ಲೂ ಕುಡಿತ ಬಿಡಲಿಲ್ಲ.

ಪೊಲೀಸರು ಹಿಡಿದ ಲೆಕ್ಕ ಹೇಳುವಾಗ ಒಂದು ವಿಷಯ ಜೊತೆಗೆ ಹೇಳಬೇಕು. 1953ರವರೆಗೆ ಅಮೆರಿಕದಲ್ಲಿ ಮೂಲನಿವಾಸಿಗಳಿಗೆ ಮದ್ಯ ಮಾರುವುದೇ ಕಾನೂನಿನ ಪ್ರಕಾರ ಅಪರಾಧ. ಯುದ್ಧದಿಂದ ಬಂದ ಬಿಳಿಯ ಸೈನಿಕ ಬಾರಿನಲ್ಲಿ ಕೂತು ಕುಡಿದರೆ ಪಾಪ ಅನ್ನುತ್ತಿದ್ದರು. ಇರಾ ಕುಡಿಯಬೇಕಾದರೆ ಕದ್ದು ಕುಡಿಯಬೇಕು. ಯುದ್ಧ ಕಂಡವರ ಮನಸ್ಸಿಗೆ ಆಗುವ ಗಾಯವನ್ನು ಅಲ್ಲಿನ ವೈದ್ಯರು ಈಗಿನ ಹೆಸರಿನ (ಪಿಟಿಎಸ್‌ಡಿ) ಕಾಯಿಲೆಯಾಗಿ ತಮ್ಮ ಕೈಪಿಡಿಗೆ ಸೇರಿಸಿದ್ದು 1980ರಲ್ಲಿ. ಆ ಹೊತ್ತಿಗೆ ಇರಾ ಸತ್ತು 25 ವರ್ಷವಾಗಿತ್ತು. ಕುಡಿತ ಸರಿ ಅಂತ ನಾನು ಹೇಳುತ್ತಿಲ್ಲ, ಮೇಷ್ಟ್ರೇ. ಅವನಿಗೆ ಲಾಕಪ್ಪು ಸಿಕ್ಕಿತು, ಬೇಕಾಗಿದ್ದ ಚಿಕಿತ್ಸೆ ಸಿಗಲಿಲ್ಲ.

1954ರ ನವೆಂಬರ್ 10ರಂದು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಆ ಚಿತ್ರದ ಭಾರಿ ಕಂಚಿನ ಪ್ರತಿಮೆಯನ್ನು ಅನಾವರಣ ಮಾಡಿದರು. ಅಧ್ಯಕ್ಷ ಐಸೆನ್‌ಹೋವರ್ ಬಂದಿದ್ದರು, ಇರಾನೂ ಇದ್ದ. ಅದಾಗಿ ಹನ್ನೊಂದು ವಾರ ಕಳೆಯುವುದರೊಳಗೆ, 1955ರ ಜನವರಿ 24ರ ಬೆಳಿಗ್ಗೆ, ತನ್ನ ಊರ ಹತ್ತಿರ ಪಾಳುಬಿದ್ದ ಮಣ್ಣಿನ ಗುಡಿಸಲಿನ ಪಕ್ಕದಲ್ಲಿ ಆತ ಸತ್ತು ಬಿದ್ದಿದ್ದ. ಹಿಂದಿನ ರಾತ್ರಿ ಇಸ್ಪೀಟು, ಕುಡಿತ ನಡೆದಿತ್ತು. ಚಳಿ ಮತ್ತು ಮದ್ಯ ಕಾರಣ ಅಂತ ಅಧಿಕಾರಿ ಬರೆದರು. ವಯಸ್ಸು 32. ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲೇ ಮಣ್ಣು ಮಾಡಿದರು.

ಹೆಸರುಗಳ ವಿಚಾರ ಕೇಳಿದ್ದೀರಿ. ನೀವು ಓದಿದ್ದು ಸರಿ. ಹಾರ್ಲನ್ ಬ್ಲಾಕ್‌ನ ಹೆಸರು ಸರಿಹೋದ ಮೇಲೂ ಇನ್ನೆರಡು ತಪ್ಪು ಉಳಿದಿದ್ದವು. ಹಳೆಯ ಫೋಟೋಗಳನ್ನು, ಹೆಲ್ಮೆಟ್ಟು, ಪಟ್ಟಿ, ಬಂದೂಕಿನ ವಿವರಗಳನ್ನು ಇಟ್ಟು ಹೋಲಿಸಿ ನೋಡಿದಾಗ, ಜಾನ್ ಬ್ರಾಡ್ಲಿ ಅಂದುಕೊಂಡವನು ಆತನಲ್ಲ, ಚಿತ್ರದಲ್ಲಿ ಹೆರಾಲ್ಡ್ ಶುಲ್ಟ್ಜ್ ಎಂಬಾತ ಇದ್ದಾನೆ ಅಂತ 2016ರಲ್ಲಿ ಮರೀನ್ ಪಡೆ ಒಪ್ಪಿತು. 2019ರಲ್ಲಿ ರೆನೆ ಗ್ಯಾಗ್ನನ್ ಜಾಗಕ್ಕೆ ಹೆರಾಲ್ಡ್ ಕೆಲ್ಲರ್ ಹೆಸರು ಬಂತು. ಬ್ರಾಡ್ಲಿ ಅದೇ ದಿನ ಮೊದಲ ಬಾವುಟದ ಜೊತೆಗಿದ್ದವನು, ಗ್ಯಾಗ್ನನ್ ಎರಡನೇ ಬಾವುಟವನ್ನು ಬೆಟ್ಟದ ಮೇಲೆ ತಂದುಕೊಟ್ಟವನು. ಇಬ್ಬರೂ ಆ ದ್ವೀಪದಲ್ಲಿ ಜೀವ ಪಣಕ್ಕಿಟ್ಟವರೇ, ಅವರನ್ನು ಹಗುರ ಮಾಡಿ ಮಾತಾಡುವ ಹಕ್ಕು ನಮಗಿಲ್ಲ. ಆದರೂ ಇದನ್ನು ಯೋಚಿಸಿ: ಬಾಂಡ್ ಮಾರಲು ಊರೂರು ಸುತ್ತಿದ ಆ ಮೂವರಲ್ಲಿ ಚಿತ್ರದಲ್ಲಿ ನಿಜಕ್ಕೂ ಇದ್ದವನು ಇರಾ ಒಬ್ಬನೇ. ಶುಲ್ಟ್ಜ್ ಲಾಸ್ ಏಂಜಲೀಸ್‌ನಲ್ಲಿ ಅಂಚೆ ಇಲಾಖೆಯಲ್ಲಿ ದುಡಿದು, ಯಾರ ಮುಂದೆಯೂ ಹೇಳಿಕೊಂಡು ತಿರುಗದೆ 1995ರಲ್ಲಿ ತೀರಿಕೊಂಡ.

ನಿಮ್ಮ ಮೊಮ್ಮಗನಿಗೆ ಹೀಗೆ ಹೇಳಿ. ಕುಡಿತದ ವಿಷಯ ಮುಚ್ಚಿಡಬೇಡ. ಕೇಳುವ ಮಕ್ಕಳಲ್ಲಿ ಒಬ್ಬಿಬ್ಬರ ಮನೆಯಲ್ಲಾದರೂ ಕುಡಿಯುವವರು ಇರುತ್ತಾರೆ, ಅವರು ನಾಚಿಕೆಪಡುವಂತೆ ಹೇಳಬೇಡ. ಬೆಟ್ಟದ ಮೇಲಿನ ಕಥೆ ಬೇಗ ಮುಗಿಸು, ಅದು ಎಲ್ಲರಿಗೂ ಗೊತ್ತು. ಟೆಕ್ಸಾಸ್‌ಗೆ ಹೋದದ್ದನ್ನು ನಿಧಾನವಾಗಿ ಹೇಳು. ಸಾಧ್ಯವಾದರೆ ಭೂಪಟ ತೂಗುಹಾಕಿ ಸಾಕಟಾನ್‌ನಿಂದ ವೆಸ್ಲಾಕೊವರೆಗೆ ಬೆರಳಿಟ್ಟು ತೋರಿಸು. ಚಿತ್ರವನ್ನೂ ತೋರಿಸುವುದಾದರೆ ಎಡದಿಂದ ಬಲಕ್ಕೆ ಹೆಸರುಗಳು ಹೀಗಿವೆ: ಇರಾ ಹೇಯ್ಸ್, ಹೆರಾಲ್ಡ್ ಶುಲ್ಟ್ಜ್, ಮೈಕೆಲ್ ಸ್ಟ್ರ್ಯಾಂಕ್, ಫ್ರಾಂಕ್ಲಿನ್ ಸೌಸ್ಲಿ, ಹೆರಾಲ್ಡ್ ಕೆಲ್ಲರ್, ಹಾರ್ಲನ್ ಬ್ಲಾಕ್. ಭಾಷಣ ಬರೆದಾದ ಮೇಲೆ ನಮಗೂ ಒಂದು ಪ್ರತಿ ಕಳಿಸಲಿ, ಮಕ್ಕಳ ಪುಟದಲ್ಲಿ ಹಾಕುತ್ತೇವೆ.

– ಸಂಪಾದಕ